ಸಾಯುವವನ ಅಪ್ಪಣೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಮಾಂಸದಂಗಡಿಯ ಮುಂದೆ ನೇತುಹಾಕಿದ್ದ ಕುರಿಗಳು ಗಾಳಿಯಲ್ಲಿ ತಾವಾಗಿಯೇ ತೇಲುತ್ತಿದ್ದಂತೆ ಕಾಣುತ್ತಿದ್ದವು. ಕೊಕ್ಕೆ ಕಾಣದು, ಕಂಬಿ ಕಾಣದು, ಕೆಂಪು ಮಾತ್ರ ಕಾಣುತ್ತಿತ್ತು. ಬೆಳಗು ಮಾಡಬೇಕೋ ಬೇಡವೋ ಎಂದು ಮೇಲಿನವನೇ ಇನ್ನೂ ಯೋಚಿಸುತ್ತಿದ್ದಂತಿತ್ತು. ಹೆಣದಣ್ಣ ಎಂದಿನಂತೆ ಕತ್ತಿಯನ್ನು ಕಲ್ಲಿಗೆ ಉಜ್ಜಿ, ಕೊರಡಿನ ಮುಂದೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತ. ಜೀವ ಕೊಟ್ಟವನನ್ನು ನೆನೆಯದೆ ಅವನು ಯಾವತ್ತೂ ಜೀವ ತೆಗೆದವನಲ್ಲ.

ಅಂಗಡಿ ಅವನ ಹೆಂಡತಿಯ ತಮ್ಮನದು. ಹೆಣದಣ್ಣ ಅಲ್ಲಿ ಮಧ್ಯಾಹ್ನದವರೆಗೆ ಕಡಿಯುತ್ತಿದ್ದ, ಸಂಜೆ ನಾಟಕದ ಕಂಪನಿಯಲ್ಲಿ ಸಾಯುತ್ತಿದ್ದ. ರಾಜನ ಕಥೆಯಾಗಲಿ ರೈಲಿನ ಕಥೆಯಾಗಲಿ, ಸಾಯುವ ಪಾಲು ಅವನದೇ. ಹಾಗಾಗಿಯೇ ಆ ಹೆಸರು. ಬೆಳಿಗ್ಗೆ ಕೊಂದ ಪಾಪವನ್ನು ಸಂಜೆ ಸತ್ತು ತೀರಿಸುತ್ತೇನೆ, ನನ್ನ ಲೆಕ್ಕ ಅಲ್ಲಿಗಲ್ಲಿಗೆ ಚುಕ್ತಾ ಎಂದು ಅವನು ನಗುತ್ತಿದ್ದ. ನಟನೆಯ ಬಗ್ಗೆ ಅವನಿಗೆ ಅವನದೇ ಸಿದ್ಧಾಂತಗಳಿದ್ದವು. ನಗಿಸುವವನಿಗೆ ನಾಲಗೆಯೊಂದಿದ್ದರೆ ಸಾಕು, ಅಳಿಸುವವನಿಗೆ ಕಣ್ಣು ಸಾಕು, ಸಾಯುವವನಿಗೆ ಮಾತ್ರ ಹಿಮ್ಮಡಿಯಿಂದ ನೆತ್ತಿಯವರೆಗೆ ಎಲ್ಲವೂ ಬೇಕು ಎನ್ನುತ್ತಿದ್ದ. ಸಿನಿಮಾದವರನ್ನು ಕಂಡರೆ ಅವನಿಗೆ ಅಸಡ್ಡೆ. ಅಲ್ಲಿಯ ಹೆಣಕ್ಕೆ ಸೊಳ್ಳೆ ಕಚ್ಚಿದರೆ ಇನ್ನೊಂದು ಸಲ ತೆಗೆಯುತ್ತಾರೆ. ನನಗೆ ಕಚ್ಚಿದರೆ ಅದರ ಹೊಟ್ಟೆ ತುಂಬುವವರೆಗೂ ನಾನು ಸತ್ತೇ ಇರಬೇಕು. ಇದನ್ನೆಲ್ಲ ತಮಾಷೆಗೆ ಹೇಳಿದರೂ, ರಂಗದ ಹಲಗೆಯ ಮೇಲೆ ಬಿದ್ದು ಪರದೆ ಇಳಿಯುವವರೆಗೆ ಕಣ್ಣು ಮುಚ್ಚಿರುವ ಆ ಹೊತ್ತೇ ಅವನ ಪಾಲಿನ ಪ್ರಾರ್ಥನೆಯಾಗಿತ್ತು. ಅಷ್ಟು ನಿಶ್ಚಿಂತೆಯಿಂದ ಅವನು ದೇವರ ಮುಂದೆಯೂ ಮಲಗಿದ್ದಿಲ್ಲ.

ಆ ದಿನ ಅವನ ಎಡದವಡೆ ಊದಿ ಮುಖ ಒಂದು ಕಡೆಗೆ ವಾಲಿತ್ತು. ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಸಿಟ್ಟು ಮಾಡಿಕೊಳ್ಳದೆಯೇ ಅವನ ದವಡೆ ಹೋಗಿತ್ತು. ನಾಲಗೆ ಹಲ್ಲು ಬಿದ್ದ ಜಾಗಕ್ಕೆ ಹೋಗಿ ಹೋಗಿ ಬರುತ್ತಿತ್ತು. ಕುರಿಯ ತೊಡೆ ಕೊಯ್ಯುತ್ತಿದ್ದ ಭಾವಮೈದ ತಲೆಯೆತ್ತಿ ನೋಡಿದ. ಇದೂ ದೊರೆಯ ಕೆಲಸವೇ ಎಂದು ಕೇಳಿದ. ಹೆಣದಣ್ಣ ಮುಂದಿನ ಕುರಿಯನ್ನು ಕೊರಡಿಗೆ ಎಳೆದುಕೊಂಡ.

ದೊರೆ ಎಂದರೆ ಕಂಪನಿಯ ನಾಯಕನಟ. ಈಗ ನಡೆಯುತ್ತಿದ್ದ ನಾಟಕದಲ್ಲಿ ಅವನು ದ್ರೋಹಿ ಮಂತ್ರಿಯ ಕೆನ್ನೆಗೆ ಬಾರಿಸಿ ಕತ್ತು ಹಿಸುಕಿ ಕೊಲ್ಲುವ ರಾಜ, ಮಂತ್ರಿ ಹೆಣದಣ್ಣ. ದೊರೆಗೆ ಹೊಡೆಯುವುದನ್ನೂ ಬೀಳುವುದನ್ನೂ ಸಾಯುವುದನ್ನೂ ಕಲಿಸಿದವನು ಹೆಣದಣ್ಣನೇ. ಹೊಡೆಯುವವನ ಕೈ ಕೆನ್ನೆಯಿಂದ ಗೇಣು ದೂರದಲ್ಲಿ ಹಾದುಹೋಗಬೇಕು, ಸದ್ದನ್ನು ಹೊಡೆಸಿಕೊಳ್ಳುವವನು ಎದೆಯ ಮರೆಯಲ್ಲಿ ತನ್ನ ಎರಡು ಅಂಗೈ ತಟ್ಟಿ ಹುಟ್ಟಿಸಬೇಕು. ಕತ್ತು ಹಿಸುಕುವಾಗಲಂತೂ ಕೊಲ್ಲುವವನ ಕೈಗೆ ಕೆಲಸವೇ ಇಲ್ಲ. ಅವನು ಮೊದಲು ಹೆಬ್ಬೆರಳನ್ನು ಎದುರಿನವನ ಕೊರಳೆಲುಬಿನ ಮೇಲಿಟ್ಟು ಕಾಯಬೇಕು. ಸಾಯುವವನು ಅವನ ಮಣಿಕಟ್ಟು ಹಿಡಿದು ಎರಡು ಸಲ ಒತ್ತಬೇಕು. ಅದು ಅಪ್ಪಣೆ. ಆಮೇಲೆ ಸಾಯುವವನೇ ಆ ಕೈಗಳನ್ನು ಹಿಡಿದು ತನ್ನ ಕುತ್ತಿಗೆಗೆ ತಾಗದಂತೆ ಆಡಿಸುತ್ತಾನೆ. ಮುಂದಿನ ಸಾಲಿನವರಿಗೂ ಇದು ಕಾಣಿಸುವುದಿಲ್ಲ. ಇಷ್ಟು ವರ್ಷ ದೊರೆ ಅಪ್ಪಣೆ ಕೇಳದೆ ಅವನನ್ನು ಒಮ್ಮೆಯೂ ಕೊಂದಿರಲಿಲ್ಲ.

ಕೆಟ್ಟದ್ದು ಒಂದು ನಗುವಿನಿಂದ. ಒಂದು ಸಂಜೆ ಮುಂದಿನ ಸಾಲಿನಲ್ಲಿದ್ದವನೊಬ್ಬ, ಕೊಲೆ ನಡೆಯುತ್ತಿದ್ದಾಗಲೇ, ಇವನು ಕತ್ತು ಹಿಸುಕುತ್ತಿದ್ದಾನೋ ಕಾಲರ್ ಸರಿಮಾಡುತ್ತಿದ್ದಾನೋ ಎಂದು ಗಟ್ಟಿಯಾಗಿ ಕೇಳಿದ. ಸಭೆ ಗೊಳ್ಳೆಂದಿತು. ದೊರೆಯ ಕಿವಿ ಕೆಂಪಾದದ್ದನ್ನು ಸತ್ತು ಬಿದ್ದಿದ್ದ ಹೆಣದಣ್ಣ ಅರೆಗಣ್ಣಿನಲ್ಲಿ ಕಂಡ. ಮಾರನೆಯ ದಿನ ಹೊಡೆತ ನಿಜವಾಗಿಯೇ ಬಿತ್ತು. ಸಭೆ ಉಸಿರು ಬಿಗಿಹಿಡಿದು, ಆಮೇಲೆ ಚಪ್ಪಾಳೆಯ ಮಳೆ ಸುರಿಸಿತು. ಅಲ್ಲಿಂದ ದಿನಕ್ಕೊಂದು ಏಟು. ಒಂದು ದಿನ ತುಟಿ ಒಡೆಯಿತು, ಇನ್ನೊಂದು ದಿನ ಪಕ್ಕೆ ಹಿಡಿಯಿತು, ಕಿವಿಯೊಳಗೆ ಕುದಿಯುವ ನೀರಿನ ಸದ್ದು ಬಂದು ಕೂತಿತು. ಕತ್ತಿನ ಮೇಲೆ ಬೆರಳಿನ ಗುರುತುಗಳು ಮಾಸುವ ಮೊದಲೇ ಹೊಸವು ಮೂಡಿದವು. ಹೆಬ್ಬೆರಳು ಕೊರಳೆಲುಬಿನ ಮೇಲೆ ಕಾಯುವುದನ್ನು ಬಿಟ್ಟೇಬಿಟ್ಟಿತ್ತು. ಗುರುವಿಗೇ ತಿರುಮಂತ್ರ ಎಂದು ಬಣ್ಣದ ಕೋಣೆಯಲ್ಲಿ ಪಿಸುಗುಟ್ಟಿದರು. ಊರಿಗೆ ಸುದ್ದಿ ಹಬ್ಬಿ ಸಭೆ ತುಂಬತೊಡಗಿತು.

ಹಲ್ಲು ಹೋದ ಸಂಜೆ ಹೆಣದಣ್ಣ ಬಾಯಿಯ ರಕ್ತ ಉಗಿದು ಕಂಪನಿಯ ಯಜಮಾನನ ಮುಂದೆ ನಿಂತಿದ್ದ. ಯಜಮಾನ ಕೆಟ್ಟವನೇನಲ್ಲ, ಖಾಲಿ ಕುರ್ಚಿ ನೋಡಿ ನೋಡಿ ಹೆದರಿದವನು. ಅವನು ನೆಲ ನೋಡುತ್ತಾ ಹೇಳಿದ್ದ:

"ನಿನಗೆ ಆಗಲ್ಲ ಅಂದ್ರೆ ಹೇಳಿಬಿಡು. ಬದುಕೋಕೆ ಜನ ಸಿಗದಿರಬಹುದು, ಸಾಯೋಕೆ ಸಿಗ್ತಾರೆ."

ಬಿಟ್ಟರೆ ರಂಗ ಹೋಗುತ್ತದೆ, ಬಿಡದಿದ್ದರೆ ಮೈ ಹೋಗುತ್ತದೆ. ಮೈ ಹೋಗುವುದನ್ನು ಅವನು ಹೇಗೋ ತಾಳಿಕೊಂಡಿದ್ದ. ತಾಳಲಾಗದ್ದು ಇನ್ನೊಂದಿತ್ತು. ಈಗ ಹೆಣವಾಗಿ ಬಿದ್ದಾಗ ನೋವು ಬಿಟ್ಟು ಬೇರೇನೂ ನೆನಪಾಗುತ್ತಿರಲಿಲ್ಲ. ಅವನ ಪ್ರಾರ್ಥನೆಯ ಹೊತ್ತು ಹೋಗಿತ್ತು. ಆ ರಾತ್ರಿ ಉಪ್ಪುನೀರು ಕೊಟ್ಟ ಹೆಂಡತಿಗೆ ಅವನು ಒಂದೇ ಮಾತು ಹೇಳಿದ್ದ.

"ಹಲ್ಲು ಹೋಗ್ಲಿ ಬಿಡು. ಕೇಳಿ ಹೊಡೀಬೇಕಿತ್ತು. ಅವನು ನನಗೆ ಬಾಕಿ ಇರೋದು ಅದು."

ಹೆಂಡತಿ ಕಂಪನಿಯ ಬಟ್ಟೆ ಹೊಲಿಯುವವಳು. ಅವಳು ಆ ಮಾತನ್ನು ತಮ್ಮನಿಗೆ ಹೇಳಿರಲಿಲ್ಲ. ಹೇಳಿದ್ದರೂ ಅವನಿಗೆ ಅರ್ಥವಾಗುತ್ತಿರಲಿಲ್ಲ.

ಅವನಿಗೆ ಅರ್ಥವಾದದ್ದು ಊದಿದ ದವಡೆ. ಮಂಜು ಕರಗಿ ಬಿಸಿಲು ಬೀಳುತ್ತಿದ್ದಂತೆ ಅವನು ಕತ್ತಿಯನ್ನು ಕೊರಡಿಗೆ ಚುಚ್ಚಿ, ರಕ್ತದ ಏಪ್ರನ್ ಕೂಡ ಬಿಚ್ಚದೆ ಹೊರಟ. ಕತ್ತಿ ಬಿಟ್ಟು ಹೋದನಲ್ಲ, ದೇವರು ದೊಡ್ಡವನು ಎಂದುಕೊಂಡು ಹೆಣದಣ್ಣ ಹಿಂದೆ ಓಡಿದ. ಪಕ್ಕೆಯ ನೋವಿಗೆ ಓಟ ಸಾಗಲಿಲ್ಲ.

ನಾಟಕಶಾಲೆಯ ಟಿಕೆಟ್ ಕಿಟಕಿಯ ಮುಂದೆ ಸಾಲು ನಿಂತಿತ್ತು. ದೊರೆ ಪಕ್ಕದ ಚಹದಂಗಡಿಯಲ್ಲಿ ಲೋಟ ಹಿಡಿದು ನಿಂತಿದ್ದ. ಭಾವಮೈದನ ಮೊದಲ ಏಟು ಅವನ ಕಿವಿಯ ಕೆಳಗೆ ಬಿತ್ತು. ಲೋಟ ಹಾರಿ ಒಡೆಯಿತು. ದೊರೆ ಮೈಗೆ ಅಂಟಿದ ಅಭ್ಯಾಸದಿಂದ ಒಂದು ಸುತ್ತು ತಿರುಗಿ, ತೋಳು ಚಾಚಿ, ಹೆಣದಣ್ಣ ಕಲಿಸಿದಂತೆಯೇ ಚಂದವಾಗಿ ಬಿದ್ದ. ಸಾಲಿನಲ್ಲಿದ್ದವರು ಇದು ಕಂಪನಿಯ ಪ್ರಚಾರವೆಂದು ತಿಳಿದು ಚಪ್ಪಾಳೆ ತಟ್ಟಿದರು. ಏಪ್ರನ್ನಿನ ರಕ್ತ ಎಷ್ಟು ನಿಜದ ಹಾಗಿದೆ ಎಂದು ಒಬ್ಬ ಮೆಚ್ಚಿಕೊಂಡ. ಬಿಡಿಸುವವರು ಯಾರೂ ಇರಲಿಲ್ಲ. ಭಾವಮೈದ ಹೊಟ್ಟೆಗೆ ಒದ್ದ, ಬೆನ್ನಿಗೆ ಒದ್ದ. ದೊರೆ ಬಿಡಿ ಎಂದು ಕೂಗಿಕೊಂಡಷ್ಟೂ ಜನ ನಕ್ಕರು. ಕೊನೆಗೆ ಭಾವಮೈದ ಚಹದಂಗಡಿಯ ಮರದ ಸ್ಟೂಲನ್ನೆತ್ತಿ ದೊರೆಯ ಬಲಗೈಯ ಮೇಲೆ ಕುಕ್ಕಿದ. ಒಣಕಡ್ಡಿ ಮುರಿದಂಥ ಸದ್ದು ಬಂತು. ಆಗ ಮಾತ್ರ ನಗು ನಿಂತಿತು.

ಅಷ್ಟರಲ್ಲಿ ಬಂದು ಮುಟ್ಟಿದ ಹೆಣದಣ್ಣ ಭಾವಮೈದನ ಅಂಗಿ ಹಿಡಿದೆಳೆದು ಕೈ ಬೀಸಿದ. ಕೈ ಕೆನ್ನೆಯಿಂದ ಗೇಣು ದೂರದಲ್ಲಿ ತಾನಾಗಿಯೇ ಹಾದುಹೋಯಿತು. ಮತ್ತೆ ಬೀಸಿದ, ಮತ್ತೂ ಹಾಗೇ. ಮುಟ್ಟದೆ ಹೊಡೆಯುವುದನ್ನು ಕಲಿಸಿ ಕಲಿಸಿ ಕೈಗೆ ಮುಟ್ಟುವುದೇ ಮರೆತಿತ್ತು. ಭಾವಮೈದ ಏದುಸಿರು ಬಿಡುತ್ತಾ ಅವನನ್ನೇ ನೋಡಿದ.

"ಹೊಡೀರಿ ಭಾವ. ನಿಮ್ಮ ಕೈಲಿ ಇದೂ ಆಗಲ್ವಲ್ಲ."

ಆ ಮಾತು ದೊರೆಯ ಎಲ್ಲ ಏಟುಗಳಿಗಿಂತ ಆಳಕ್ಕೆ ಹೋಯಿತು.

ವೈದ್ಯರು ದೊರೆಯ ಮಣಿಕಟ್ಟಿಗೆ ದಬ್ಬೆ ಇಟ್ಟು ಪಟ್ಟಿ ಸುತ್ತಿ, ಆ ಕೈಯನ್ನು ಎತ್ತಲೇಬಾರದು ಎಂದರು. ಟಿಕೆಟ್ ಎಲ್ಲ ಮಾರಿಹೋಗಿದ್ದವು. ರಾಜ ಕತ್ತಿ ಎತ್ತಬೇಕು, ಸಿಂಹಾಸನ ಉರುಳಿಸಬೇಕು. ಒಂಟಿಗೈಯವನಿಗೆ ಅದು ಸಾಧ್ಯವಿಲ್ಲ. ಯಜಮಾನ ತಲೆ ಕೆರೆದುಕೊಂಡು ಪಾತ್ರ ಅದಲುಬದಲು ಮಾಡಿದ. ಎರಡೂ ಪಾತ್ರದ ಮಾತು ಇಬ್ಬರಿಗೂ ಬಾಯಿಪಾಠ. ಸಾಯೋಕೆ ಒಂದು ಕೈ ಧಾರಾಳವಾಗಿ ಸಾಕು ಎಂದ.

ಬಣ್ಣದ ಕೋಣೆಯಲ್ಲಿ ಹೆಂಡತಿ ರಾಜನ ಅಂಗಿಯನ್ನು ಗಂಡನ ಮೈಗೆ ಕಿರಿದು ಮಾಡುತ್ತಿದ್ದಳು. ಬಾಯಲ್ಲಿ ಗುಂಡುಸೂಜಿಗಳಿದ್ದವು. ಎದುರಿನ ಕನ್ನಡಿಯಲ್ಲಿ ದೊರೆ ಎಡಗೈಯಿಂದ ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಿದ್ದ. ಕಣ್ಣಿಗೆ ಕಪ್ಪು ಸರಿಯಾಗಿ ಕೂರುತ್ತಿರಲಿಲ್ಲ. ಕಪ್ಪು ತೀಡಿಕೊಡು ಎಂದು ಅವನು ಕೇಳಲಿಲ್ಲ, ಯಾರೂ ತೀಡಲೂ ಇಲ್ಲ. ಹೆಂಡತಿ ಕೊನೆಯ ಸೂಜಿ ಚುಚ್ಚಿ ಗಂಡನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿದಳು. ಬೆಳಗಿನ ರಕ್ತ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿತ್ತು. ಒದ್ದೆ ಬಟ್ಟೆ ತಂದು ಒಂದೊಂದೇ ಉಗುರು ಒರೆಸಿದಳು.

"ಈ ಕೈಯಲ್ಲಿ ನಾಳೆ ಊಟ ಮಾಡ್ಬೇಕು, ನೆನಪಿರ್ಲಿ," ಎಂದಳು.

ಕೊಲೆಯ ಅಂಕ ಬಂತು. ಹೆಣದಣ್ಣ ಕೈ ಬೀಸಿದ. ಈ ಸಲ ಅದು ಗೇಣು ದೂರದಲ್ಲಿ ಹಾಯಲಿಲ್ಲ. ಅಂಗೈಯಷ್ಟೂ ಕೆನ್ನೆಗೆ ಕೂತಿತು. ದೊರೆಯ ಕತ್ತು ಹೊರಳಿ, ಬಾಯಿಯಿಂದ ಎಂಜಲು ರಕ್ತದ ಜೊತೆ ಹಾರಿತು. ಸಭೆ ಹಾ ಎಂದಿತು. ಹೆಣದಣ್ಣನ ಅಂಗೈ ಸುಡುತ್ತಿತ್ತು. ಆ ಉರಿ ಹಿತವಾಗಿತ್ತು, ಹಿತವಾದದ್ದಕ್ಕೆ ಭಯವೂ ಆಯಿತು. ಅವನು ದೊರೆಯನ್ನು ಮೊಣಕಾಲ ಮೇಲೆ ಕೂರಿಸಿ, ಹೆಬ್ಬೆರಳನ್ನು ಕೊರಳೆಲುಬಿನ ಮೇಲಿಟ್ಟ. ಎಷ್ಟಾದರೂ ಕಲಿಸಿದವನು, ಕೇಳದೆ ಇರಲಾಗಲಿಲ್ಲ.

ಅಪ್ಪಣೆ ಬರಲಿಲ್ಲ. ದೊರೆಯ ಎಡಗೈ ಪಕ್ಕದಲ್ಲಿ ಸತ್ತಂತೆ ಜೋತಿತ್ತು. ಬರಬೇಕಾದದ್ದು ಬರಲಿ ಎಂದು ಕಾದವನಂತೆ ಅವನು ಕಣ್ಣು ಮುಚ್ಚಿದ್ದ.

ಹೆಣದಣ್ಣನ ನಾಲಗೆ ಹಲ್ಲಿನ ಖಾಲಿ ಜಾಗ ಮುಟ್ಟಿತು. ನಿಮ್ಮ ಕೈಲಿ ಇದೂ ಆಗಲ್ವಲ್ಲ. ಕೈಗಳು ಮುಚ್ಚಿಕೊಂಡವು. ಬೆಚ್ಚಗಿನ ಕತ್ತು, ಒಳಗೆ ಓಡುವ ನಾಡಿ, ಉಂಗುರ ಉಂಗುರವಾದ ಗಂಟಲು. ಬೆಳಿಗ್ಗೆ ದಿನಾ ಮುಟ್ಟುವಂಥದ್ದೇ. ಅವನು ಬಿಗಿದು ದೊರೆಯನ್ನು ಅಂಗಾತ ಹಲಗೆಗೆ ಕೆಡವಿದ. ದೊರೆಯ ಮುಖ ಬಣ್ಣದ ಅಡಿಯಲ್ಲಿ ಕಪ್ಪಿಟ್ಟಿತು. ಮುಂದಿನ ಸಾಲಿನಲ್ಲಿ ಯಾರೋ ಮುಗಿಸಿಬಿಡು ಎಂದರು. ದೊರೆಯ ಬಲ ಹಿಮ್ಮಡಿ ಹಲಗೆಗೆ ಬಡಿಯಿತು, ಆಮೇಲೆ ಎಡ ಹಿಮ್ಮಡಿ, ಸೊಂಟ ಬಿಲ್ಲಾಗಿ ಎದ್ದು ಕುಸಿಯಿತು, ಕಾಲ್ಬೆರಳು ಹೊರಕ್ಕೆ ತಿರುಗಿದವು.

ಹೆಣದಣ್ಣ ಮನಸ್ಸಿನಲ್ಲೇ ಎಣಿಸಿದ. ಬಲ, ಎಡ, ಸೊಂಟ, ಬೆರಳು. ಇದು ಅವನೇ ಕಲಿಸಿದ ಸಾವು. ದೊರೆ ನಟಿಸುತ್ತಿದ್ದಾನೋ ಸಾಯುತ್ತಿದ್ದಾನೋ? ಸಭೆಗೆ ಗೊತ್ತಾಗುವುದಿಲ್ಲ, ಯಜಮಾನನಿಗೆ ಗೊತ್ತಾಗುವುದಿಲ್ಲ, ಕೊಲ್ಲುತ್ತಿರುವ ತನಗೂ ಗೊತ್ತಾಗುತ್ತಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದ. ಅದರೊಳಗೆ ನಿಜದ ಸಾವು ಬಂದು ಕೂತರೂ ಗುರುತು ಹತ್ತುವಂತಿರಲಿಲ್ಲ. ಗುರುತು ಹಿಡಿಯಲು ಇದ್ದದ್ದು ಆ ಎರಡು ಒತ್ತು ಮಾತ್ರ. ಅವು ಬಂದಿರಲಿಲ್ಲ.

ದೇವರೇ, ಎಂದ. ಕೈ ಸಡಿಲಿಸಿದ.

ದೊರೆಯ ಗಂಟಲಿನಿಂದ ಗರಗಸ ಎಳೆದಂಥ ಉಸಿರು ಬಂತು. ಹೆಣದಣ್ಣ ಮತ್ತೆ ಹೆಬ್ಬೆರಳನ್ನು ಕೊರಳೆಲುಬಿನ ಮೇಲಿಟ್ಟು ಕಾದ. ಸಭೆ ಕೆಮ್ಮಿತು. ಕುರ್ಚಿಗಳು ಕಿರುಗುಟ್ಟಿದವು. ರಾಜನಿಗೆ ಮಾತು ಮರೆತಿರಬೇಕು ಎಂದು ಯಾರೋ ಅಂದರು, ಕೆಲವರು ನಕ್ಕರು. ಪರದೆಯ ಪಕ್ಕದಿಂದ ಯಜಮಾನ ಕೈ ಆಡಿಸಿದ. ಹೆಣದಣ್ಣ ಕದಲಲಿಲ್ಲ. ಬೆಳಗಾಗುವವರೆಗೂ ಕಾಯಲು ಅವನು ಸಿದ್ಧನಿದ್ದ. ಎಷ್ಟೋ ಹೊತ್ತಿಗೆ ದೊರೆಯ ಎಡಗೈ ತಡವರಿಸಿ ಮೇಲೆ ಬಂದು ಅವನ ಮಣಿಕಟ್ಟು ಹಿಡಿದು, ಎರಡು ಸಲ ಒತ್ತಿತು. ಆಮೇಲೆ ಹೆಣದಣ್ಣ ಅವನನ್ನು ಮುಟ್ಟದೆ ಕೊಂದ. ಚಪ್ಪಾಳೆ ಅಷ್ಟಕ್ಕಷ್ಟೇ ಬಂತು.

ಪರದೆ ಇಳಿದ ಮೇಲೆ ದೊರೆ ಬಣ್ಣದ ಕೋಣೆಯ ಮೂಲೆಯಲ್ಲಿ ವಾಂತಿ ಮಾಡಿಕೊಂಡ. ಹೆಣದಣ್ಣನ ಹೆಂಡತಿ ಬಿಸಿನೀರು ಕೊಟ್ಟು, ಅವನ ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿದಳು. ಇಬ್ಬರು ಗಂಡಸರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಹಿಂಬಾಗಿಲಲ್ಲಿ ಕಾದಿದ್ದ ಭಾವಮೈದ ಹೇಗಾಯಿತು ಎಂದು ಕೇಳಿದ.

"ನಾಳೆಯಿಂದ ಕತ್ತಿ ನೀನೇ ಹಿಡಿ. ನಾನು ಅಂಗಡಿ ತೊಳೀತೀನಿ," ಎಂದ ಹೆಣದಣ್ಣ.

ಪಟ್ಟಿ ಬಿಚ್ಚುವವರೆಗೆ ಕಂಪನಿ ಬೇರೊಂದು ನಾಟಕ ಆಡಿತು, ಅರ್ಧ ಸಭೆಗೆ. ದೊರೆಯ ದನಿ ಮಾತ್ರ ಮೊದಲಿನಂತಾಗಲಿಲ್ಲ. ಅಂಚು ಒಡೆದ ಮಡಕೆಯ ಹಾಗೆ ಉಳಿಯಿತು. ಹಳೆಯ ನಾಟಕ ಹಳೆಯ ಪಾತ್ರಗಳೊಂದಿಗೆ ಮತ್ತೆ ಏರಿದ ಸಂಜೆ, ಏಟು ಮೊದಲಿನ ಹಾಗೇ ಬೀಳಬೇಕು, ಜನ ಅದಕ್ಕೇ ಬಂದಿದ್ದಾರೆ ಎಂದು ಯಜಮಾನ ದೊರೆಯ ಕಿವಿಯಲ್ಲಿ ಹೇಳುವುದನ್ನು ಹೆಣದಣ್ಣ ಕೇಳಿಸಿಕೊಂಡ. ಅವನು ದವಡೆ ಬಿಗಿಹಿಡಿದು ರಂಗಕ್ಕೆ ಹೋದ.

ದೊರೆ ಕೈ ಬೀಸಿದ. ಗಾಳಿ ಮಾತ್ರ ಕೆನ್ನೆಗೆ ತಾಗಿತು. ನಿಜದ ಏಟಿಗೆ ಸಿದ್ಧನಾಗಿದ್ದ ಹೆಣದಣ್ಣನಿಗೆ ಅಂಗೈ ತಟ್ಟುವುದೇ ಮರೆತುಹೋಯಿತು, ತಡವಾಗಿ ತಟ್ಟಿದ. ಹೊಡೆತದ ಹಿಂದೆ ಎಲ್ಲೋ ದೂರದಲ್ಲಿ ಸದ್ದು ಕೇಳಿ ಸಭೆ ನಕ್ಕಿತು. ದೊರೆಯ ಕಿವಿ ಮತ್ತೆ ಕೆಂಪಾಯಿತು. ಹೆಣದಣ್ಣ ಅದನ್ನು ನೋಡಿ, ಇನ್ನು ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದ.

ದೊರೆಯ ಕೈಗಳು ಅವನ ಕತ್ತಿನ ಬಳಿ ಬಂದವು. ನಗು ಇನ್ನೂ ನಿಂತಿರಲಿಲ್ಲ. ಆ ನಗುವಿನ ನಡುವೆಯೇ ಒಂದು ಹೆಬ್ಬೆರಳು ಅವನ ಕೊರಳೆಲುಬಿನ ಮೇಲೆ ಹಗುರವಾಗಿ ಕೂತು, ಕಾಯುತ್ತಾ ಉಳಿಯಿತು.