ಇದು ಭಾನುಪ್ರಿಯಾ ಬಿಚ್ಚಿದ ನೂಲು

ನಮ್ಮ ವೆಬ್‌ಸೈಟ್ ತೆರೆದರೆ ಮೊದಲು ಕಾಣುತ್ತಿದ್ದದ್ದು ಭಾನುಪ್ರಿಯಾಳ ಮುಖ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ನಮ್ಮ ಫಿಲೇಚರಿನಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಕೂತು, ಬೆಂದ ಗೂಡಿನಿಂದ ರೇಷ್ಮೆಯ ಎಳೆ ಎತ್ತುತ್ತಾ ನಕ್ಕಿದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ ನಾನು ಬರೆದಿದ್ದೆ: ‘ಇದು ಭಾನುಪ್ರಿಯಾ ಬಿಚ್ಚಿದ ನೂಲು.’ ದುಪಟ್ಟಾ ಮಾರುವವರು ಸಾವಿರ ಜನ ಇದ್ದಾರೆ, ನೂಲು ತೆಗೆದವಳ ಹೆಸರು ಹೇಳುವವರು ಯಾರಿದ್ದಾರೆ, ಅದೇ ನಮ್ಮ ಗುರುತು ಎಂದು ಅಬ್ಬಾನ ತಲೆ ತಿಂದು ಒಪ್ಪಿಸಿದ್ದೆ. ಗಿರಾಕಿಗಳು ಆ ಪುಟ ಬಿಟ್ಟು ಕದಲುತ್ತಿರಲಿಲ್ಲ. ಆಗ ನನ್ನ ಜಂಬ ನೋಡಬೇಕಿತ್ತು.

ಫೋಟೋ ತೆಗೆಯುವಾಗ ನಾನು ಅವಳಿಗೆ ಹೇಳಿದ್ದು ಒಂದೇ ಮಾತು. “ಸ್ವಲ್ಪ ನಗಮ್ಮ.”

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸೈಟಿನ ಚಾಟ್‌ನಲ್ಲಿ ಒಂದು ಪ್ರಶ್ನೆ ಬಂತು. “ಫೋಟೋದಲ್ಲಿರೋರು ಇವತ್ತು ಕೆಲಸಕ್ಕೆ ಬಂದಿದಾರಾ?”

ನಾನು ಓದುವಷ್ಟರಲ್ಲಿ ಉತ್ತರವೂ ಹೋಗಿತ್ತು. ಗಿರಾಕಿ ಕಾಯಬಾರದು ಎಂದು ನಾನೇ ಮೊದಲೇ ಬರೆದಿಟ್ಟ ಉತ್ತರ: “ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನಮ್ಮ ಕೆಲಸಗಾರರನ್ನು ಖುದ್ದಾಗಿ ಭೇಟಿಯಾಗಬಹುದು. ದಾರಿ ಇಲ್ಲಿದೆ.” ಜೊತೆಗೆ ಮ್ಯಾಪು.

ಮತ್ತೆ ಬಂತು. “ಚಿಂತಾಮಣಿ ದಾಟಿದೀನಿ. ಅವಳಿಗೆ ಹೇಳ್ಬೇಡಿ.”

ಫೋನ್ ಹಿಡಿದು ತೊಟ್ಟಿಯ ಹತ್ತಿರ ಓಡಿದೆ. ಭಾನುಪ್ರಿಯಾ ಸೆರಗಿಗೆ ಕೈ ಒರೆಸಿಕೊಂಡು ಮೊದಲು ಫೋಟೋ ನೋಡಿದಳು, ಆಮೇಲೆ ಮೆಸೇಜು.

“ಇದು ಐಡಿ ಕಾರ್ಡ್‌ಗೆ ಅಂದ್ಕೊಂಡಿದ್ದೆ ಅಕ್ಕ,” ಎಂದಳು. “ನನ್ನ ಗಂಡ ಇವ್ನು. ಈ ಸಲ ಜೀವಸಹಿತ ಬಿಡಲ್ಲ.”

ವರ್ಷದ ಹಿಂದೆ ಮುರುಗಮಲ್ಲದ ದರ್ಗಾ ಅಂಗಳದಲ್ಲಿ, ಬೆನ್ನು ಸುಟ್ಟುಕೊಂಡು ಮಲಗಿದ್ದವಳನ್ನು ಅಮ್ಮಿ ಮನೆಗೆ ಕರೆತಂದಿದ್ದಳು. ರಾಜ್ಯದ ಗಡಿಯಾಚೆಯಿಂದ ಗಂಡನ ಕೈ ತಪ್ಪಿಸಿಕೊಂಡು ಬಂದವಳು ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಅವಳ ಮುಖವನ್ನು ಲೋಕಕ್ಕೆಲ್ಲ ತೋರಿಸಿದ್ದೆ. ನನಗೆ ಚಂದದ ಪುಟ ಬೇಕಿತ್ತು, ಅಷ್ಟೇ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಅಬ್ಬಾ ಪೊಲೀಸರನ್ನು ಕರೆತರಲು ಸ್ಕೂಟರ್ ಹತ್ತಿದರು. ಅಮ್ಮಿ ಬುರ್ಖಾ ಹಾಕಿಕೊಂಡು, ಇನ್ನೊಂದನ್ನು ಭಾನುಪ್ರಿಯಾಳಿಗೂ ತೊಡಿಸಿ, ಪರ್ವೇಜ್ ಮಾಮನ ಕಾರಿನಲ್ಲಿ ಹಿಂದಿನ ಗೇಟಿನಿಂದ ಹೊರಟಳು. “ಕೆಂಚಾರ್ಲಹಳ್ಳಿಗೆ, ನನ್ನ ತವರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಇದಾಳೆ ಅಂತ ಯಾರಿಗೂ ಗೊತ್ತಾಗಲ್ಲ.”

ನಾನು ಫೋಟೋ ಅಳಿಸಿದೆ. ಮ್ಯಾಪು ಅಳಿಸಿದೆ. ಅವಸರಕ್ಕೆ ಪಾಸ್‌ವರ್ಡ್ ಎರಡು ಸಲ ತಪ್ಪಿತ್ತು.

ಮುಕ್ಕಾಲು ಗಂಟೆಯಲ್ಲಿ ಅವನು ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮೆತ್ತನೆಯ ಮಾತು. ಕುಡಿದು ಕೂಗಾಡುವವನನ್ನು ನಿರೀಕ್ಷಿಸಿದ್ದೆ. ಇವನನ್ನು ಕಂಡು ಇನ್ನೂ ಹೆದರಿದೆ.

“ಅವ್ಳು ಹೋದ ತಿಂಗ್ಳೇ ಕೆಲಸ ಬಿಟ್ಳು,” ಎಂದೆ.

ಅವನು ವಾದ ಮಾಡಲಿಲ್ಲ. ಬೆಂಚಿನ ಮೇಲೆ ಕೂತು ಫೋನ್ ತೆಗೆದ. ಬೆರಳಲ್ಲಿ ಮೇಲೆ ತಳ್ಳುತ್ತಾ ಓದುತ್ತಲೇ ಇದ್ದ. ಐದು ನಿಮಿಷ, ಹತ್ತು ನಿಮಿಷ. ಅಬ್ಬಾ ಬರಲಿಲ್ಲ.

“ಚೆನ್ನಾಗಿ ಬರ್ದಿದೀರ ಮೇಡಂ,” ಎಂದ ಕೊನೆಗೆ. “‘ನಮ್ಮ ಕತೆ’ ಅಂತ ಒಂದು ಪೇಜ್ ಇದೆಯಲ್ಲ. ನಿಮ್ಮಮ್ಮನಿಗೆ ನೂಲು ತೆಗೆಯೋದು ಕಲಿಸಿದ್ದು ತವರಲ್ಲಿ, ಕೆಂಚಾರ್ಲಹಳ್ಳೀಲಿ. ಮಸೀದಿ ಪಕ್ಕದ ಹೆಂಚಿನ ಮನೆ. ಫೋಟೋನೂ ಹಾಕಿದೀರ.” ಎದ್ದು ನಿಂತು, ಹಿಂದಿದ್ದ ನಮ್ಮ ಮನೆಯ ಒಳಬಾಗಿಲ ಕಡೆ ನೋಡಿದ. “ಅಮ್ಮ ಇವತ್ತು ಮನೇಲಿಲ್ವಾ?”

ಉತ್ತರಕ್ಕೆ ಕಾಯದೆ ಬೈಕ್ ಹತ್ತಿ ಹೋಗಿಬಿಟ್ಟ.

ಅಮ್ಮಿ ಮೊದಲ ರಿಂಗಿಗೇ ಫೋನ್ ಎತ್ತಿದಳು. “ಬಂದು ಸೇರಿದ್ವಿ ಬೇಟಾ. ಭಾನು ಈಗಷ್ಟೇ ಊಟಕ್ಕೆ ಕೂತಿದಾಳೆ.”

“ಎಬ್ಬಿಸು ಅಮ್ಮಿ,” ಎಂದೆ. “ಅವ್ನು ಅಲ್ಲಿಗೇ ಹೊರಟಿದಾನೆ. ದಾರಿ ತೋರಿಸಿದ್ದು ನಾನೇ.”