ಪಾಲಣ್ಣನ ಮೀಸೆ ಹೋದ ಭಾನುವಾರ

ಹೊನ್ನಾಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಪಾಲಣ್ಣ ಜವಾನನಾಗಿದ್ದ. ಸಾಹೇಬರ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುವುದು ಅವನ ಕೆಲಸ. ಎದೆಯ ಮೇಲೆ ಅಡ್ಡಲಾಗಿ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಹಿತ್ತಾಳೆ ಬಿಲ್ಲೆ, ಮೂಗಿನ ಕೆಳಗೆ ಕಿವಿಯತ್ತ ಹೊರಟ ಮೀಸೆ. ಬಾಳೆಗೊನೆ ತಂದವರಿಗೆ ಸಾಹೇಬರು ಬೇಗ ಸಿಗುತ್ತಿದ್ದರು. ಬರಿಗೈಯಲ್ಲಿ ಬಂದವರಿಗೆ ಸಾಹೇಬರು ಊರಲ್ಲೇ ಇರುತ್ತಿರಲಿಲ್ಲ, ಒಳಗಿನಿಂದ ಅವರ ಕೆಮ್ಮು ಕೇಳಿಸುತ್ತಿದ್ದರೂ.

ಭಾನುವಾರಗಳಲ್ಲೂ ಅವನು ಸಾಹೇಬರ ಮನೆಗೆ ಸೌದೆ ಒಡೆಯಬೇಕಿತ್ತು. ಮೂವತ್ತೆಂಟನೇ ಇಸವಿಯ ಮಾಗಿಯಲ್ಲಿ ಸಾಹೇಬರು ಸಂಸಾರಸಮೇತ ಮಾವನ ಮನೆಗೆ ಹೋದರು. ಪಾಲಣ್ಣನಿಗೆ ಒಂದು ಇಡೀ ಭಾನುವಾರ ಸಿಕ್ಕಿತು.

ಅವನ ಹೆಂಡತಿ ಗಾದ್ರಮ್ಮ ಬೆಳಗ್ಗೆಯೇ ಕೆಂಪು ಪಟ್ಟಿಯನ್ನು ನೆನೆಹಾಕಿ, ಮುರಿದ ಛತ್ರಿಯನ್ನು ಕೈಗೆ ಕೊಟ್ಟಳು. "ಇದನ್ನ ರಿಪೇರಿಗೆ ಕೊಡ್ರಿ. ಬರುವಾಗ ಬೆಲ್ಲ ತರ್ರಿ. ಕ್ಷೌರ ಮಾಡಿಸ್ಕಳ್ರಿ, ಮುಖ ನೋಡಾಕೆ ಆಗವಲ್ದು."

ಪಾಲಣ್ಣ ತಲೆಗೊಂದು ವಲ್ಲಿ ಸುತ್ತಿಕೊಂಡು ಹೊರಟ. ಛತ್ರಿ ರಿಪೇರಿಯವನು ತಲೆ ಎತ್ತದೆ, "ಇಟ್ಟು ಹೋಗು, ಸಂಜಿಕೆ ಬಾ" ಎಂದ. ಪಾಲಣ್ಣನಿಗೆ ಏಕವಚನ ಕೇಳಿ ಬಹಳ ವರ್ಷವಾಗಿತ್ತು. ಎದೆಯ ಮೇಲೆ ಪಟ್ಟಿ ಇಲ್ಲದ್ದಕ್ಕೆ ಹೋಟೆಲಿನಲ್ಲೂ ಯಾರೂ ಎದ್ದು ಜಾಗ ಬಿಡಲಿಲ್ಲ. ಮೂಲೆಯಲ್ಲಿ ಕೂತು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದ. ಕಾಫಿಯನ್ನು ಸದ್ದು ಮಾಡಿಕೊಂಡು ಕುಡಿದ. ಯಾರೂ ತನ್ನ ಮುಖ ನೋಡದಿದ್ದರೆ ಕಾಫಿ ಇಷ್ಟು ರುಚಿಯಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಹೊಳೆಯ ದಾರಿಯ ಹುಣಸೆಮರದ ಕೆಳಗೆ ದಿನಾ ಕ್ಷೌರ ಮಾಡುವವನು ಮದುವೆಗೆ ಹೋಗಿದ್ದ. ಅವನ ಬದಲು ಜಗಳೂರಿನಿಂದ ಬಂದ ಭಾವಮೈದುನ ಕೂತಿದ್ದ. ಪಕ್ಕದಲ್ಲಿ ನ್ಯಾಮತಿ ಕಡೆಯ ರೈತ ಮುರುಗೇಶಪ್ಪ ತನ್ನ ಸರದಿಗಾಗಿ ಕಾಯುತ್ತಾ ಎಲೆಗೆ ಸುಣ್ಣ ಸವರುತ್ತಿದ್ದ.

ಪಾಲಣ್ಣನ ಗಂಟಲಿನ ಮೇಲೆ ಕತ್ತಿ ಆಡಿಸುತ್ತಾ ಕ್ಷೌರದವನು ಮಾತು ತೆಗೆದ. "ಇಲ್ಲಿ ಕಚೇರಿ ಬಾಗ್ಲಾಗೆ ಪಾಲಣ್ಣ ಅಂತ ಒಬ್ಬ ಅದಾನಂತೆ. ನಮ್ಮ ಭಾವನ ಹತ್ರ ನಾಕು ವರ್ಷದಿಂದ ಪುಕ್ಕಟೆ ಕ್ಷೌರ. ನನ್ನ ಕೈಗೆ ಒಂದು ದಿನ ಸಿಗಬೇಕು ಅವನು."

ಪಾಲಣ್ಣ ಉಗುಳು ನುಂಗಿದ. ಗಂಟಲಮಣಿ ಕತ್ತಿಯ ಅಲಗಿನ ಕೆಳಗೆ ಹತ್ತಿ ಇಳಿಯಿತು.

"ಅಂಥೋರೂ ಇರ್ತಾರೆ" ಎಂದ ಮೆಲ್ಲಗೆ.

"ನಿಮಗೆ ಅವನ ಗುರ್ತು ಐತೇನ್ರಿ?" ಎಂದು ಕೇಳಿದ ಮುರುಗೇಶಪ್ಪ.

"ಕಂಡೀನಿ. ಮನುಷ್ಯ ಅಷ್ಟು ಸರಿ ಇಲ್ಲ."

ಶುರು ಮಾಡಿದ ಮೇಲೆ ನಿಲ್ಲಿಸುವುದು ಕಷ್ಟವಾಯಿತು. ಬೇರೆಯವರಿಗೆ ಗೊತ್ತಿದ್ದದ್ದು ಕಾಲುಭಾಗ. ಉಳಿದದ್ದನ್ನು ಪಾಲಣ್ಣನೇ ತುಂಬಿಕೊಟ್ಟ. "ಸಾಹೇಬರಿಗೆ ಅಂತ ಯಾರೋ ತಂದ ಕುಂಬಳಕಾಯಿನ ಸಾಹೇಬರ ಮನೆಗೇ ಮಾರಿದಾನೆ ಅವನು" ಎಂದಾಗ ಕ್ಷೌರದವನು ಕತ್ತಿ ಕೆಳಗಿಟ್ಟು ನಕ್ಕ. ಪಾಲಣ್ಣನಿಗೂ ಒಳಗೊಳಗೆ ಹೆಮ್ಮೆಯೇ ಆಯಿತು.

ಮುರುಗೇಶಪ್ಪ ಮಾತ್ರ ನಗಲಿಲ್ಲ. "ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಅವನದೂ ಹಿಂಗೇ ಮೀಸೆ. ನೀವೇ ಅವನು ಅಂತ ತಿಳಕಂಡು ಜನ ನಿಮಗೆ ಬೈದಾರು."

"ಹೌದಲ್ಲ. ತೆಗೆದುಬಿಡ್ಲೇನ್ರಿ?" ಎಂದ ಕ್ಷೌರದವನು.

ಬೇಡವೆಂದರೆ ಅಂಥವನ ಮೀಸೆ ನಿಮಗ್ಯಾಕೆ ಎಂದು ಕೇಳುತ್ತಾರೆ. ನನ್ನದೇ ಎನ್ನೋಣವೆಂದರೆ ಕತ್ತಿ ಇನ್ನೂ ಅವನ ಕೈಯಲ್ಲಿತ್ತು. ಪಾಲಣ್ಣ ಕಣ್ಣು ಮುಚ್ಚಿ, "ತೆಗಿ" ಎಂದ.

ಎದ್ದು ನಿಂತಾಗ ಮುರುಗೇಶಪ್ಪ ಎಲೆ ಮಡಚಿ ಬಾಯಿಗಿಟ್ಟುಕೊಂಡು ಹೇಳಿದ: "ನಾಳೆ ಕಚೇರಿಗೆ ಬರಾದೈತೆ, ಪಾಲಣ್ಣಾರೆ. ಮೀಸೆ ಇಲ್ದೆ ನಿಮ್ಮನ್ನ ಹೆಂಗೆ ಗುರ್ತು ಹಿಡೀಲಿ?"

ಪಾಲಣ್ಣ ಮೊದಲ ಸಲ ಕ್ಷೌರಕ್ಕೆ ಕಾಸು ಕೊಟ್ಟು, ಚಿಲ್ಲರೆಯನ್ನೂ ಕೇಳದೆ ನಡೆದುಬಿಟ್ಟ.

ಆದರೆ ಮೀಸೆ ಬೋಳಿಸಿದ ಗಂಡಸನ್ನು ಕಂಡರೆ ಊರು ಯೋಚಿಸುವುದು ಒಂದೇ. ಸಂಜೆ ಛತ್ರಿಯವನು ಎದ್ದು ನಿಂತು, "ಇಂಥ ಹೊತ್ತಿನಾಗೆ ದುಡ್ಡು ಬ್ಯಾಡ್ರಿ. ತಂದೆಯೋರು ಯಾವಾಗ ಹೋದ್ರು?" ಎಂದ. ಪಾಲಣ್ಣ ತಲೆ ತಗ್ಗಿಸಿ ಛತ್ರಿ ಇಸಿದುಕೊಂಡ. ಬೆಲ್ಲವೂ ಹಾಗೆಯೇ ಬಂತು. ಗಾದ್ರಮ್ಮ ಬಾಗಿಲಲ್ಲೇ ಕುಸಿದು ಮಾವನ ಹೆಸರು ಹಿಡಿದು ಅತ್ತಳು. ನಿಜ ತಿಳಿದ ಮೇಲೆ, ಅಳು ಕೇಳಿ ಸೇರಿದ ಕೇರಿಯವರ ಮುಂದೆ ಅದನ್ನು ನಿಲ್ಲಿಸಲಾಗದೆ ಇನ್ನಷ್ಟು ಅತ್ತಳು.

ಸೋಮವಾರ ಸಾಹೇಬರು ಅವನ ಮುಖ ನೋಡಿ ಕನ್ನಡಕ ತೆಗೆದರು. "ಹೋಗಿ ಬಾರಯ್ಯ, ಮೂರು ದಿನ" ಎಂದರು. ಬಾಗಿಲಾಚೆ ಗೊನೆ ಹಿಡಿದು ನಿಂತಿದ್ದ ಮುರುಗೇಶಪ್ಪ ಯಾರನ್ನೂ ಕೇಳದೆ, ಗೊನೆಯ ಸಮೇತ ನೇರವಾಗಿ ಒಳಗೆ ಹೋದ.

ಪಾಲಣ್ಣ ಬಸ್ಸು ಹತ್ತಿ ಉಬ್ರಾಣಿಗೆ ಹೋದ. ಅವನಪ್ಪ ಗಿಡ್ಡಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಮಗನ ಬೋಳು ತುಟಿಯನ್ನು ನೋಡಿ, "ಯಾರು ಹೋದ್ರಪ್ಪ?" ಎಂದು ಕೇಳಿದ. ಪಾಲಣ್ಣ ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದ.

ಮುದುಕ ಕೊನೆಯವರೆಗೂ ಕೇಳಿಸಿಕೊಂಡ.

"ನಾನು ಸತ್ತಿದ್ದಕ್ಕೆ ಎಷ್ಟು ದಿನ ರಜ ಕೊಟ್ರು?"

"ಮೂರು."

"ಬರೀ ಮೂರಾ" ಎಂದು ಗಿಡ್ಡಪ್ಪ ಹಗ್ಗ ಎತ್ತಿಕೊಂಡು ಒಳಗೆ ಹೋದ. ಊಟಕ್ಕೆ ಕೂರುವವರೆಗೂ ಮಗನ ಹತ್ತಿರ ಮಾತಾಡಲಿಲ್ಲ.