ಬಲಗಡೆಯ ಜೇಬು

ಟಿಣ್ ಅಂತು ಮತ್ತೆ, ಅಕ್ಕನ ಫೋನು, ಬೆಳಗಿನಿಂದ ಇದು ಒಂಬತ್ತನೆಯದು, ನಾನೇನೂ ಎಣಿಸುತ್ತಿಲ್ಲ, ಕಿವಿ ತಾನೇ ಎಣಿಸುತ್ತದೆ — ಹೊಲಿಗೆ ಯಂತ್ರ ನಿಲ್ಲಿಸಿ ಪರದೆ ನೋಡಿ ನಗುತ್ತಾಳೆ, ಕೆನ್ನೆಗೆ ಗುಳಿ ಬೀಳುವ ಆ ನಗು, ಭಾವ ಹೋದ ಮೇಲೆ ಹತ್ತು ವರ್ಷ ನಾನು ಏನೆಲ್ಲ ಕೋತಿಯಾಟ ಆಡಿದರೂ ಬಾರದ್ದು, ಈಗ ಮುಖ ಮೂತಿ ಗೊತ್ತಿಲ್ಲದವನೊಬ್ಬ ಎರಡು ಬೆರಳಲ್ಲಿ ತರಿಸಿಬಿಟ್ಟ, ಉರಿಯುತ್ತದೆ ನನಗೆ, ಹೌದು, ಧಗಧಗ ಉರಿಯುತ್ತದೆ. ಡೇಟಿಂಗ್ ಆ್ಯಪಿನಲ್ಲಿ ಸಿಕ್ಕವನು, ದೂರದೇಶದಲ್ಲಿ ಸೇತುವೆ ಕಟ್ಟುವ ಇಂಜಿನಿಯರಂತೆ, ಹೆಂಡತಿ ತೀರಿಕೊಂಡಳಂತೆ, ನಾನಿಟ್ಟ ಹೆಸರು ಸೇತುವೆರಾಯ. ಎರಡನೇ ವಾರಕ್ಕೇ ಮದುವೆ ಮಾತು, ವಿಡಿಯೋ ಕಾಲ್ ಅಂದರೆ ಕ್ಯಾಮೆರಾ ಕೆಟ್ಟಿದೆ, ಒಂದು ದಿನವೂ ಮುಖ ತೋರಿಸಲಿಲ್ಲ ಪುಣ್ಯಾತ್ಮ, ಈಗ ಅಪಘಾತ, ಆಸ್ಪತ್ರೆ, ಬ್ಯಾಂಕ್ ಖಾತೆ ಬಂದ್, ನಿನ್ನ ಬಿಟ್ರೆ ನಂಗ್ಯಾರಿದ್ದಾರೆ — ಆಪರೇಷನ್ ಮಂಚದ ಮೇಲಿಂದಲೇ ಒಂಬತ್ತು ಮೆಸೇಜು! ಅದಕ್ಕೇ ಅಕ್ಕನ ಕೈ ಬೋಳು, ಅಮ್ಮನ ಎರಡು ಬಳೆ ಬಿಚ್ಚಿ ಪರ್ಸಿಗೆ ಹಾಕಿದ್ದಾಳೆ, ಇನ್ನೇನು ಹೋಗಿ ಮಾರಿಬಿಡುತ್ತಾಳೆ.

ಮೊದಲ ದಿನ ಫೋನು ನನ್ನ ಮೂಗಿಗೇ ಹಿಡಿದಿದ್ದಳು, ನೋಡೇ, ಹೇಗಿದಾರೆ, ನಾನೋ ಬಟ್ಟೆ ಕತ್ತರಿಸುವವಳು, ಮುಖಕ್ಕಿಂತ ಮೊದಲು ಅಂಗಿ ಕಾಣುತ್ತದೆ — ನೀಲಿ ಅಂಗಿ, ಒಳ್ಳೆ ಹೊಲಿಗೆ, ಜೇಬು ಬಲಗಡೆ. ಗಂಡಸರ ಅಂಗಿಗೆ ಜೇಬು ಎಡಗಡೆ ಅಲ್ಲವೇ, ಇನ್ನೆರಡು ಫೋಟೋ ಕೇಳಿ ನೋಡಿದೆ, ಬೇರೆ ಬೇರೆ ಅಂಗಿ, ಎಲ್ಲದರ ಜೇಬೂ ಬಲಕ್ಕೇ, ಗುಂಡಿಯ ಸಾಲೂ ಹೆಂಗಸರ ಕಡೆಗೆ, ಅಂದರೆ ಯಾರದೋ ಫೋಟೋ ಕದ್ದು ಪತ್ತೆಯಾಗದಿರಲೆಂದು ಎಡಬಲ ತಿರುಗಿಸಿದ್ದಾರೆ ಕಳ್ಳರು. ಇಪ್ಪತ್ತು ದಿನದಿಂದ ಗೊತ್ತು, ಬಾಯಿಗೆ ಬೀಗ ಹಾಕಿ ಕೂತಿದ್ದೇನೆ, ಒಮ್ಮೆ ಬೆಳ್ಳಗಿರೋದೆಲ್ಲ ಹಾಲಲ್ಲ ಅಕ್ಕ ಅಂದದ್ದಕ್ಕೆ ಕಾಮಾಲೆ ಕಣ್ಣಿಗೆ ಎಲ್ಲಾ ಹಳದಿ, ಹೊಟ್ಟೆಕಿಚ್ಚು ಕಣೇ ನಿಂಗೆ ಅಂದಳು, ಅದು ಸುಳ್ಳಾಗಿದ್ದರೆ ಅಂದೇ ಜಗಳ ಮಾಡಿ ಎಲ್ಲ ಹೇಳುತ್ತಿದ್ದೆ, ಅದು ನಿಜ, ಆ ಜೇಬು ಕಂಡಾಗ ನನಗೆ ಮೊದಲು ಆದದ್ದು ಭಯವಲ್ಲ, ಖುಷಿ. ಥೂ.

ಚಪ್ಪಲಿ ಮೆಟ್ಟುತ್ತಿದ್ದಾಳೆ, ಪರ್ಸು ಕಂಕುಳಲ್ಲಿ, ಹೇಳೇ, ಈಗಲಾದರೂ ಬಾಯಿ ಬಿಡೇ, ಅಮ್ಮನ ಬಳೆ — ಅಕ್ಕಾ, ಆ ಫೋಟೋದಲ್ಲಿ ಜೇಬು ನೋಡು, ಬಲಗಡೆ ಇದೆ, ಎಲ್ಲ ಮೋಸ. ನಿಂತಳು, ತಿರುಗಲಿಲ್ಲ, ನೋಡಿದೀನಿ ಅಂದಳು, ಮೊದಲನೇ ದಿನಾನೇ ನೋಡಿದೀನಿ, ಈ ಅಂಗಡೀಲಿ ಇಷ್ಟು ವರ್ಷ ಜೇಬು ಹೊಲಿದೋಳು ಯಾರೇ, ನಾನಲ್ವಾ, ಕನ್ನಡೀಲಿ ತೆಗೆದಿರಬೇಕು ಅಂದ್ಕೊಂಡೆ, ಅಂದ್ಕೋಬೇಕಿತ್ತು ನಂಗೆ. ಯಾಕಕ್ಕಾ ಅಂದರೆ, ದಿನಾ ಊಟ ಆಯ್ತಾ ಅಂತ ಕೇಳ್ತಿದ್ದ ಕಣೇ.

ಚಪ್ಪಲಿ ಬಿಟ್ಟು ಬಂದು ಕೂತಳು, ಬಳೆ ಒಂದೊಂದಾಗಿ ಏರಿಸಿಕೊಂಡಳು, ನಗುವಿಲ್ಲ, ಗುಳಿಯಿಲ್ಲ, ಗೆದ್ದೆನಲ್ಲ ನಾನು, ಎದುರಿಗೇ ಕೂತು ದಿನಾ ಅನ್ನ ಬಡಿಸಿಕೊಂಡು ಉಂಡವಳು, ಒಂದು ದಿನವೂ ನೀನು ಉಂಡೆಯಾ ಎಂದು ಕೇಳದವಳು, ಈಗ ಕೇಳೋಣವೆಂದರೆ ನಾಲಿಗೆ ಏಳುತ್ತಿಲ್ಲ, ಏಕೆಂದರೆ ಇನ್ನೂ ಉರಿಯುತ್ತಿದೆ, ಇಷ್ಟಾದ ಮೇಲೂ, ನನಗಂತೂ ಯಾರೂ ಸುಳ್ಳಿಗೂ ಕೇಳಲಿಲ್ಲವಲ್ಲ — ಟಿಣ್, ಹತ್ತು, ಮೇಜಿನ ಮೇಲೆ ಪರದೆ ಬೆಳಗಿದೆ, ಅವಳೂ ಮುಟ್ಟುತ್ತಿಲ್ಲ, ನಾನೂ, ಊಟ ಆಯ್ತಾ ಬಂಗಾರ, ಪಕ್ಕದಲ್ಲಿ ಪುಟ್ಟ ಫೋಟೋ, ನೀಲಿ ಅಂಗಿ, ಜೇಬು ಬಲಗಡೆ, ಬಲಗಡೆ —